ಶಾಲೆಗೆ ಬೀಗ ಹಾಕಿದ ವರ್ಷ

ಮಾನ್ಯ ಅಧ್ಯಕ್ಷರೇ, ಸಾಗರದಿಂದ ದಯಮಾಡಿಸಿರುವ ಅತಿಥಿಗಳೇ, ತಾಯಂದಿರೇ, ನನ್ನಿಂದ ಪೆಟ್ಟು ತಿಂದೂ ಇಂದು ಹಾರ ಹಾಕಿದ ಶಿಷ್ಯರೇ, ಸಭಿಕರೇ,

ನಿವೃತ್ತನಾಗುವವನನ್ನು ಹೊಗಳುವುದು ಪದ್ಧತಿ. ಹೊಗಳಿ, ಬೇಡವೆನ್ನುವುದಿಲ್ಲ. ಆದರೆ ಅತಿಥಿಗಳು ಈಗ ತಾನೇ, "ಮಂಗನ ಕಾಯಿಲೆಯ ವರ್ಷ ಶಾಲೆ ಮುಚ್ಚಿ ಮಕ್ಕಳನ್ನು ಉಳಿಸಿದ ಮೇಷ್ಟ್ರು" ಎಂದರು. ಆ ಒಂದು ಮಾತನ್ನು ನಾನು ಒಪ್ಪಿಕೊಳ್ಳಲಾರೆ.

ಅದು ೧೯೬೦ರ ಫೆಬ್ರವರಿ. ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಊರಿನಲ್ಲಿ ಆರು ಜನ ಜ್ವರ ಬಂದು ಮಲಗಿದ್ದರು. ಕಾಡಿಗೆ ಹೋಗಬೇಡಿರೆಂದು ಡಂಗುರ ಹೊಡೆಸಿದ್ದರು. ಮಕ್ಕಳು ಒಂದೆಡೆ ಸೇರಿದರೆ ಜ್ವರ ಹರಡೀತೆಂದು, ಯಾರನ್ನೂ ಕೇಳದೆ, ನಾನೇ ಶಾಲೆಗೆ ಬೀಗ ಹಾಕಿದೆ. ನಾನು ಹೆದರಿದ್ದು ನಿಮ್ಮ ಮಕ್ಕಳಿಗಾಗಿಯೇ? ನನ್ನ ಮನೆಯಲ್ಲೂ ಎಳೆಗೂಸಿತ್ತು. ಇದನ್ನು ನಾನು ಈವರೆಗೆ ಯಾರಲ್ಲೂ ಹೇಳಿಲ್ಲ.

ಮರುದಿನ ದುಗ್ಗಮ್ಮ ಬಂದರು. ಗಂಡನಿಲ್ಲದ ಹೆಂಗಸು, ಕಾಡಿನಲ್ಲಿ ಒಣಗಿ ಬಿದ್ದ ದರಗೆಲೆ ಗುಡಿಸಿ ತೋಟಗಳಿಗೆ ಹೊತ್ತು ಹಾಕುವ ಕೂಲಿ. ಜೊತೆಯಲ್ಲಿ ಮಗಳು ಗಂಗಾ, ಮೂರನೇ ತರಗತಿ. ಮಗ್ಗಿಯನ್ನು ಹಾಡಿನಂತೆ ಹೇಳುವ ಹುಡುಗಿ.

"ಮೇಷ್ಟ್ರೇ, ಶಾಲೆ ಇಲ್ದಿದ್ರೆ ಇವಳನ್ನ ಎಲ್ಲಿ ಬಿಟ್ಟು ಹೋಗ್ಲಿ?"

"ಕಾಡಿಗೆ ಹೋಗಲೇಬೇಡಮ್ಮ. ಡಂಗುರ ಕೇಳ್ಲಿಲ್ವಾ?"

"ಕೇಳ್ದೆ. ಗಂಜಿ ಎಲ್ಲಿಂದ ಬರ್ತದೆ ಅಂತ ಅದ್ರಲ್ಲಿ ಹೇಳ್ಲಿಲ್ಲ."

ನಾನು ಎದ್ದು ಒಳಗೆ ಹೋದೆ.

ಗಂಗಾ ತಾಯಿಯ ಜೊತೆ ಕಾಡಿಗೆ ಹೋದಳು. ವಾರದೊಳಗೆ ಜ್ವರ ಬಂತು. ಮೂಗಿನಿಂದ ರಕ್ತ ಬಂತು. ಎಂಟನೆಯ ದಿನ ತೀರಿಕೊಂಡಳು.

ರಕ್ತಪರೀಕ್ಷೆಗೆ ಬಂದ ಡಾಕ್ಟರು ಹೇಳಿದರು: "ಇದು ಒಬ್ಬರಿಂದ ಒಬ್ಬರಿಗೆ ಅಂಟೋದಲ್ಲ ಮೇಷ್ಟ್ರೇ. ಕಾಡಿನ ಉಣುಗು, ಆ ರಕ್ತ ಹೀರೋ ಹುಳ, ಕಚ್ಚಿ ಬರೋದು. ಮಕ್ಕಳು ಶಾಲೇಲೇ ಇದ್ದಿದ್ರೆ ಒಳ್ಳೇದಿತ್ತು."

ಅಂದೇ ಬೀಗ ತೆಗೆದೆ. ಬೇಸಿಗೆ ರಜೆಯಲ್ಲೂ ಶಾಲೆ ತೆರೆದಿಟ್ಟೆ. ತೋಟದವರ ಮನೆಮನೆಗೆ ಹೋಗಿ ಅಕ್ಕಿ ಬೇಡಿ ಮಧ್ಯಾಹ್ನ ಗಂಜಿ ಕಾಯಿಸಿದೆ. ಆದರೆ ತಾಯಂದಿರು ಕಾಡಿಗೆ ಹೋಗುವುದನ್ನು ನಿಲ್ಲಿಸಲು ನನ್ನಿಂದಾಗಲಿಲ್ಲ. ಅವರಲ್ಲಿ ಇಬ್ಬರು ಅದೇ ಜ್ವರಕ್ಕೆ ತೀರಿಕೊಂಡರು. ಜೀವ ಹೆಚ್ಚೋ, ಕೂಲಿ ಹೆಚ್ಚೋ, ಓದು ಹೆಚ್ಚೋ? ತೀರ್ಮಾನ ಮಾಡುವವರು ಮೊದಲು ದುಗ್ಗಮ್ಮನ ಒಲೆಯ ಮುಂದೆ ಕೂರಬೇಕಿತ್ತು. ನಾನು ಕೂರಲಿಲ್ಲ.

ಮರುವರ್ಷ ಜ್ವರದ ಕಾಲ ಮತ್ತೆ ಬಂತು. ಒಂದು ಬೆಳಿಗ್ಗೆ ದುಗ್ಗಮ್ಮ ಕಿರಿಯ ಮಗಳು ಶರಾವತಿಯನ್ನು ಕರೆತಂದರು. ಮಗುವಿಗೆ ಐದೂ ತುಂಬಿರಲಿಲ್ಲ. ನಾನು ತಲೆ ಎತ್ತಲಾರದೆ ನಿಂತಿದ್ದೆ.

"ಕತ್ಲಾಗೋ ತನಕ ಇಟ್ಕಳಿ ಮೇಷ್ಟ್ರೇ" ಎಂದು ಮಗುವಿನ ಕೈಯನ್ನು ನನ್ನ ಕೈಯಲ್ಲಿಟ್ಟು, ತಿರುಗಿ ನೋಡದೆ ಕಾಡಿನ ದಾರಿ ಹಿಡಿದರು.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ; ಋಣಿಯಾಗಿದ್ದೇನೆ. ದುಗ್ಗಮ್ಮನವರಿಗೆ ಮೊದಲು, ಆಮೇಲೆ ನಿಮಗೆಲ್ಲರಿಗೂ, ನಮಸ್ಕಾರ.