ಡಾಕ್ಟರಮ್ಮನ ಪಡಿಯಚ್ಚು

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕಾಫಿಯ ಸಾಲು ಹನುಮಂತನ ಬಾಲದಂತೆ ಬೆಳೆದಿತ್ತು. ನಡುವೆ ಸಿಕ್ಕಿಕೊಂಡ ಹುಡುಗಿಗೆ ಮುಂದಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಕ್ಕ ವಾರ್ಡಿನ ಡಾಕ್ಟರು, ಮುಖ ಕೆಂಡವಾಗಿತ್ತು.

“ಯಾರನ್ನ ಮನೆಗೆ ಕಳಿಸಬಹುದು ಅಂತ ನಾನು ಇಷ್ಟು ವರ್ಷ ಹೇಳಿದ್ದನ್ನೆಲ್ಲ ಕಂಪ್ಯೂಟರಿಗೆ ತುಂಬಿ ನನ್ನದೇ ಪಡಿಯಚ್ಚು ಮಾಡಿದ್ದಾರೆ ಕಣೇ. ನಾನು ಸಾವಿರ ವಿಷಯ ನೋಡ್ತೀನಿ ಅಂದ್ಕೊಂಡಿದ್ದೆ. ಮೂರೇ ಅಂತೆ! ವಯಸ್ಸು, ಜ್ವರ, ರಕ್ತದ ವರದಿ.”

“ಅದು ಹೇಳೋದು ತಪ್ಪಾಗುತ್ತಾ?”

“ನನಗಿಂತ ಹೆಚ್ಚು ಸಲ ಅದೇ ಸರಿ. ಅದೇ ಉರಿ! ಅದಕ್ಕೆ ಹಸಿವಿಲ್ಲ, ಸುಸ್ತಿಲ್ಲ, ಗಂಡನ ಜೊತೆ ಜಗಳವಿಲ್ಲ.”

“ಹಾಗಾದ್ರೆ ಭಾವನ ಜೊತೆ ಸಂಸಾರಕ್ಕೂ ಅದನ್ನೇ ಕಳಿಸು.”

“ನಗಬೇಡ. ಕಿಟಕಿ ಪಕ್ಕದ ಮಂಚದ ಅಜ್ಜಿ ದಿನಾ ನನ್ನನ್ನ ‘ಸೂಜಿ ರಾಕ್ಷಸಿ’ ಅಂತ ಬೈಯೋಳು. ಇವತ್ತು ‘ನೀನು ಹೇಳಿದ ಹಾಗೇ ಆಗ್ಲಿ ತಾಯಿ’ ಅಂದ್ಲು. ಬೈಯೋಕೂ ಶಕ್ತಿ ಇಲ್ಲ ಅಂದ್ರೆ ಏನೋ ಸರಿಯಿಲ್ಲ ಅನ್ನಿಸ್ತು. ಇವತ್ತು ಕಳಿಸೋದು ಬೇಡ ಅಂದೆ. ದೊಡ್ಡ ಡಾಕ್ಟರು ಕಂಪ್ಯೂಟರ್ ತೋರಿಸಿ, ‘ಕಳಿಸಿ ಅಂತಿರೋದು ನೀವೇ ಅಲ್ವೇನಮ್ಮ’ ಅಂತ ನಕ್ಕರು! ನನ್ನ ಮಾತನ್ನ ತಗೊಂಡು ನನ್ನ ಬಾಯಿಗೇ ಬೀಗ!”

“ನೀನೇನಂದೆ?”



“ಹೂಂ ಅಂದುಬಿಟ್ಟೆ.”

“ಅಜ್ಜಿ ಈಗೆಲ್ಲಿ?”

“ವಾರ್ಡಲ್ಲೇ. ಮಗ ಗಾಡಿ ತರೋಕೆ ಹೋಗಿದ್ದಾನೆ.”

“ಮತ್ತೆ ಇಲ್ಲಿ ಕಾಫಿಗೆ ನಿಂತಿದ್ದೀಯಲ್ಲೇ ಅಕ್ಕಾ! ಅಜ್ಜಿ ದಿನಾ ಬೈದಿದ್ದು ಕಂಪ್ಯೂಟರನ್ನಲ್ಲ, ನಿನ್ನನ್ನ.”

ಅಕ್ಕ ಸಾಲು ಬಿಟ್ಟು ಮೆಟ್ಟಿಲಿನತ್ತ ಓಡಿದಳು. ತಂಗಿಯೂ ಹಿಂದೆಯೇ ಹೋದಳು. ಹುಡುಗಿ ಮುಂದೆ ಸರಿಯುವುದನ್ನೂ ಮರೆತು ನಿಂತಿದ್ದಾಗ ಮೇಲಿನಿಂದ ಡಾಕ್ಟರಮ್ಮನ ಕೂಗು ಇಳಿದು ಬಂತು:

“ಯಾರ್ರೀ ಅಲ್ಲಿ? ಅಜ್ಜೀನ ಮಂಚದಿಂದ ಇಳಿಸಬೇಡ್ರೀ! ಹೇಳ್ತಿರೋದು ನಾನು!”