ಬರ್ದಿದ್ದೀನಲ್ಲ

ಒಂದು ಬೀಗ ಕೊಳ್ಳಲು ಬಂದಿದ್ದ ಟೀಚರಮ್ಮ ಬಣ್ಣ, ಬೀಗ ಎಲ್ಲ ಮಾರುವ ಅಂಗಡಿಯ ಸಾಲಿನಲ್ಲಿ ನಿಂತು ನಿಂತು ಸಾಕಾಗಿಹೋಗಿದ್ದರು. ಮುಂದೆ, ಮೈಮೇಲೆಲ್ಲ ಹಳದಿ ಚುಕ್ಕೆ ಮೆತ್ತಿಕೊಂಡ ಪೇಂಟರು ಮತ್ತು ಫೋನಿನಿಂದ ಕಣ್ಣು ಕೀಳದ ಅವನ ಅಕ್ಕ. ಬೇಡವೆಂದರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

“ಎರಡು ರೂಮು ಹಳದಿ ಬಳಿದಾದ್ಮೇಲೆ ಬಿಳಿ ಅಂದ್ರೆ ಹೆಂಗಕ್ಕ?”

“ಬೆಳಿಗ್ಗೆನೇ ತಿದ್ದಿ ಬರ್ದಿದ್ದೀನಲ್ಲ. ಯಾವ ರೂಮು, ಯಾವ ಬಣ್ಣ, ಯಾರು ಬಳೀಬೇಕು, ಎಲ್ಲಾ ಪಟ್ಟೀಲಿದೆ. ನಾನಿಲ್ಲಿ ತಿದ್ದಿದ್ರೆ ಎಲ್ಲರ ಫೋನಲ್ಲೂ ಆಗಿಂದಾಗ್ಲೇ ಕಾಣುತ್ತೆ.”

“ಏಣಿ ಮೇಲೆ ನಿಂತೋನಿಗೆ ಗೋಡೆ ಕಾಣುತ್ತೆ. ಒಂದು ಫೋನ್ ಮಾಡೋಕೆ ಏನಾಗಿತ್ತು ನಿಂಗೆ?”

“ನಿಮಗೆಲ್ಲ ಫೋನ್ ಮಾಡಿ ಗಂಟಲು ಹರ್ಕೊಂಡೇ ಅಲ್ವ ಇದನ್ನ ಶುರು ಮಾಡಿದ್ದು?”

“ಡಾಕ್ಟರು ನಾಳೆ ಕ್ಲಿನಿಕ್ ತೆರೀತಾರೆ. ಅಷ್ಟರೊಳಗೆ ಹಳದಿ ಮುಚ್ಚೋಕೆ ನಂಗೇನು ನಾಲ್ಕು ಕೈ ಇದಾವಾ?”

ಅಕ್ಕ ಫೋನಿನಲ್ಲಿ ಏನೋ ಒತ್ತುತ್ತಿದ್ದಳು. ತಮ್ಮನ ಜೇಬು ಗುಂಯ್ ಎಂದಿತು.

“ಏನದು?”

“ನೋಡ್ಕೋ.”

“ಪಕ್ಕದಲ್ಲೇ ನಿಂತಿದ್ದೀನಿ, ಬಾಯಲ್ಲಿ ಹೇಳಕ್ಕ.”

“ತೆಗೆದು ನೋಡೋದನ್ನ ಯಾವಾಗ ಕಲೀತೀಯೋ.”

ಅವನು ಪ್ಯಾಂಟಿಗೆ ಕೈ ಒರೆಸಿಕೊಂಡು ಫೋನ್ ತೆಗೆದು ಗಟ್ಟಿಯಾಗಿ ಓದಿದ. “ಡಾಕ್ಟರಿಗೆ ಹಳದಿ ಹಿಡಿಸಿದೆ. ಬಿಳಿ ಬೇಡ.”

“ಈಗ ತಾನೆ ತಿಳಿಸಿದ್ರು. ತಕ್ಷಣ ಬರ್ದೆ.”

“ಹಂಗಾದ್ರೆ ಈ ಸಾಲಲ್ಲಿ ನಾವಿನ್ನೂ ಯಾಕೆ ನಿಂತಿದ್ದೀವಿ?”

ಅಕ್ಕ ಮೊದಲ ಸಲ ತಲೆಯೆತ್ತಿ ಸುತ್ತ ನೋಡಿದಳು. ಇಬ್ಬರೂ ಸಾಲು ಬಿಟ್ಟು ಹೊರಟರು. ಬಾಗಿಲ ಹತ್ತಿರ ತಮ್ಮನ ಜೇಬು ಮತ್ತೆ ಗುಂಯ್ ಎಂದಿತು.

ಟೀಚರಮ್ಮ ಎರಡು ಹೆಜ್ಜೆ ಮುಂದೆ ಸರಿದರು.