ಯಾರ ಹೆಸರಿನಲ್ಲಿ ವೀಸಾ

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೊರಟ ಬಸ್ಸಿನಲ್ಲಿ ಸೌಜನ್ಯ ತೂಕಡಿಸುತ್ತಿದ್ದಳು. ಮುಂದಿನ ಸೀಟಿನಲ್ಲಿ ಕೂತಿದ್ದ ಅಕ್ಕ-ತಮ್ಮ ಇಬ್ಬರೂ ನ್ಯೂಜಿಲೆಂಡಿನ ಮಾತೆತ್ತಿದ್ದೇ ತಡ, ಅವಳ ನಿದ್ದೆ ಹಾರಿ ಕಿವಿ ನೆಟ್ಟಗಾಯಿತು.

“ಮಕ್ಕಳ ಓದಿಗೆ ಅಂತ ತಾನೇ ಓಗ್ತಿರೋದು? ಯಾವ ವೀಸಾ ಆದ್ರೇನ್ಲಾ?”

“ಅದೆಂಗಕ್ಕಾ? ನಾನು ಕೆಲಸದ ವೀಸಾ ತಗಂಡ್ರೆ ಮೊದ್ಲು ನಾನೊಬ್ನೇ ಓಗ್ಬೇಕಂತೆ. ಯಶಸ್ವಿನಿ ಓದೋ ವೀಸಾ ತಗಂಡ್ರೆ ಎಲ್ರೂ ಒಟ್ಟಿಗೆ ಓಗ್ಬೋದಂತೆ. ಮಕ್ಕಳನ್ನೂ ಅಲ್ಲೇ ಸ್ಕೂಲಿಗೆ ಸೇರಿಸ್ಬೋದಂತೆ.”

“ಮತ್ತೆ ಅದುನ್ನೇ ತಗಳಿ.”

“ಅವಳು ಕಾಲೇಜಿಗೆ ಓಗೋದು, ಗಂಡ ಆದ ನಾನು ಅವಳ ಡಿಪೆಂಡೆಂಟ್ ಅನ್ನಿಸ್ಕಂಡು ಇಂದೆ ಓಗದು. ಊರೋರು ನಗಲ್ವಾ?”

“ಲೋ ನಂಜುಂಡೇಶ, ನಿಮ್ಮೂರ ಮಹಿಳಾ ಡೈರೀಲಿ ಮೆಂಬರ್ ಯಾರು?”

“ಅವಳೇ.”

“ಬೆಳಿಗ್ಗೆ ಸಂಜೆ ಕ್ಯಾನ್ ಒತ್ಕಂಡೋಗಿ ಹಾಲು ಆಕೋನು?”

“ನಾನೇ.”

“ಯಾರಾದ್ರೂ ನಕ್ಕವ್ರಾ?”

“ಯಾಕ್ ನಗ್ತಾರೆ? ಎಲ್ರ ಮನೇಲೂ ಅಂಗೇ ಅಲ್ವಾ.”

“ಅಂಗಾದ್ರೆ ಇಷ್ಟು ವರ್ಷದಿಂದ ನೀನು ಅದೇ ವೀಸಾದಲ್ಲಿ ಇದ್ದೀಯ ಕಣ್ಲಾ.”

ಸೌಜನ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು.

ಕಂಡಕ್ಟರ್ ಶಾಂತಿಗ್ರಾಮ ಎಂದು ಕೂಗಿದಾಗ ಇಬ್ಬರೂ ಎದ್ದರು. ನಂಜುಂಡೇಶ ಇಳಿಯುತ್ತಲೇ ಫೋನನ್ನು ಕಿವಿಗಿಟ್ಟುಕೊಂಡ.

“ಯಶೂ, ಏಜೆಂಟಿಗೆ ಏಳ್ಬುಡು, ವೀಸಾ ನಿನ್ನೆಸ್ರಲ್ಲೇ ಆಕ್ಲಿ... ಊಂ, ಬಂದೆ, ಬಸ್ ಇಳಿತಾ ಇದೀನಿ. ಕ್ಯಾನ್ ತೊಳ್ದಿಡು, ಹಾಲು ನಾನೇ ಆಕ್ಬತ್ತೀನಿ.”